ಗೋಡೆ ಕಡೆ ತಿರುಗಿ ನಿಲ್ರಿ

ಏನನ್ನಾದರೂ ಗಮನವಿಟ್ಟು ಕೇಳುವಾಗ ಪಕ್ಕದ ಅಂಗಡಿಯ ಅಣ್ಣನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಕತ್ತನ್ನು ಸ್ವಲ್ಪ ಬಲಕ್ಕೆ ವಾಲಿಸಿ, ಎಲೆ ಅಡಿಕೆಗೆ ಕೆಂಪೇರಿದ ಹಲ್ಲು ಕಾಣುವಂತೆ ಬಾಯಿ ಬಿಟ್ಟುಕೊಂಡು ನಿಂತರೆಂದರೆ ಮುಗಿಯಿತು. ಎದುರಿಗೆ ಗಿರಾಕಿ ಕಾಯುತ್ತಿದ್ದಾನೆ, ಬೀದಿಯಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ ಎನ್ನುವ ಯಾವ ಪರಿವೆಯೂ ಇರುತ್ತಿರಲಿಲ್ಲ. "ಅಣ್ಣಾರೆ, ನೊಣ ಹೊಕ್ಕೀತು, ಬಾಯಿ ಮುಚ್ಕಳ್ರಿ" ಎಂದು ನಾನು ನನ್ನ ಅಂಗಡಿಯಿಂದಲೇ ಕೂಗುತ್ತಿದ್ದೆ. ಅವರು ಕೇಳುವುದನ್ನೆಲ್ಲ ಕೇಳಿ ಮುಗಿಸಿ, ನಿಧಾನಕ್ಕೆ ಕಣ್ಣು ಬಿಟ್ಟು, "ಏನೋ ಅಂದಂಗಾತಲ್ಲ ತಂಗಿ?" ಎನ್ನುತ್ತಿದ್ದರು.

ದಾವಣಗೆರೆಯ ಹಳೇ ಪೇಟೆಯ ಒಂದು ಸಂದಿಯಲ್ಲಿ ನಮ್ಮಿಬ್ಬರ ಅಂಗಡಿಗಳು ಒಂದಕ್ಕೊಂದು ಆತುಕೊಂಡಿದ್ದವು. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ನನ್ನದು ಮ್ಯಾಚಿಂಗ್ ಸೆಂಟರು. ಸೀರೆಗೆ ಹೊಂದುವ ಜಾಕೀಟಿನ ಬಟ್ಟೆ, ಲೈನಿಂಗು, ಫಾಲ್ಸು, ದಾರದುಂಡೆ ಮಾರುತ್ತೇನೆ. ಅವರದು ಆಂಪ್ಲಿಫೈಯರು ಕಟ್ಟುವ ಅಂಗಡಿ. ಭಜನಾ ಮಂಡಳಿಗೆ, ಶಾಲೆಯ ಪ್ರಾರ್ಥನೆಗೆ, ಮಸೀದಿಯ ಆಜಾನಿಗೆ, ಮನೆಯಲ್ಲಿ ಕೂತು ಹಾಡು ಕೇಳುವವರಿಗೆ, ಎಲ್ಲರಿಗೂ ಅವರೇ ತಮ್ಮ ಕೈಯಾರೆ ಒಂದೊಂದು ಬಿಡಿಭಾಗವನ್ನೂ ಬೆಸೆದು ಸೆಟ್ಟು ಮಾಡಿ ಕೊಡುತ್ತಿದ್ದರು. ಬೆಳಗಿನ ಬಸ್ಸಿಗೆ ಹರಿಹರದಿಂದ ಬಂದು ಸಂಜೆಯ ಬಸ್ಸಿಗೆ ವಾಪಸು ಹೋಗುವುದು. ನಾನು ನಿಜಲಿಂಗಪ್ಪ ಬಡಾವಣೆಯಿಂದ ಸ್ಕೂಟಿಯಲ್ಲಿ ಬಂದು ಬೀಗ ತೆಗೆಯುವಷ್ಟರಲ್ಲಿ ಪಕ್ಕದಿಂದ ಬೆಸುಗೆಯ ಹೊಗೆಯ ವಾಸನೆ ಬರುತ್ತಿರುತ್ತಿತ್ತು. ಅಣ್ಣ ಎಂದು ಕರೆದೆನೇ ಹೊರತು ನಮ್ಮ ನಡುವೆ ಬೇರೆ ಯಾವ ಸಂಬಂಧವೂ ಇರಲಿಲ್ಲ.

ಅವರ ವ್ಯಾಪಾರದ ರೀತಿಯೇ ಬೇರೆ. ಸೆಟ್ಟಿನೊಳಗೆ ಹಾಕುವ ಕೆಪಾಸಿಟರು, ರೆಸಿಸ್ಟರುಗಳಲ್ಲಿ ಅವರು ಎರಡು ದರ್ಜೆ ಇಟ್ಟಿದ್ದರು. ಒಂದು ಸಾದಾ, ಇನ್ನೊಂದು ಮೇಲಿನದು. ಮೇಲಿನ ದರ್ಜೆಯವು ನೋಡಲು ಸಾದಾದವುಗಳ ಹಾಗೆಯೇ ಇದ್ದರೂ ಬೆಲೆ ವಿಪರೀತ. ಗಿರಾಕಿಗೆ ಎರಡನ್ನೂ ತೋರಿಸಿ, "ತುಟ್ಟಿದು ಬೇಕಂದ್ರೆ ಹಾಕ್ತೀನಿ. ಆದ್ರೆ ಮೊದ್ಲು ಗೋಡೆ ಕಡೆ ತಿರುಗಿ ನಿಲ್ರಿ" ಎನ್ನುತ್ತಿದ್ದರು. ಒಂದೇ ಥರದ ಎರಡು ಸೆಟ್ಟು ಸದಾ ತಯಾರಿರುತ್ತಿದ್ದವು. ಒಂದರೊಳಗೆ ಸಾದಾ ಸಾಮಾನು, ಇನ್ನೊಂದರೊಳಗೆ ಮೇಲಿನದು. ಗಿರಾಕಿ ನಮ್ಮ ನಡುವಿನ ಹಲಗೆಗೆ ಮುಖ ಮಾಡಿ ನಿಂತ ಮೇಲೆ, ಅವರು ಸ್ವಿಚ್ಚು ಬದಲಿಸುತ್ತ ಒಂದೇ ಹಾಡನ್ನು ಎರಡರಲ್ಲೂ ಕೇಳಿಸುತ್ತಿದ್ದರು. ಯಾವುದು ಯಾವುದೆಂದು ಗಿರಾಕಿ ಹೇಳಬೇಕು. ಒಂದು ಸಲ ಅಲ್ಲ, ಹಲವು ಸಲ. ಸರಿಯಾಗಿ ಗುರುತಿಸಿದವರಿಗೆ ಮಾತ್ರ ಮೇಲಿನ ದರ್ಜೆ. ತಪ್ಪಿದವರು ಎಷ್ಟು ಬೇಡಿಕೊಂಡರೂ ಸಾದಾ ಸೆಟ್ಟೇ ಗತಿ. "ಕಿವಿಗೆ ಗೊತ್ತಾಗ್ದಿದ್ರೆ ರೊಕ್ಕ ಯಾಕ ಕೊಡ್ತೀರಿ?" ಎನ್ನುವುದು ಅವರ ಖಾಯಂ ಮಾತು.

ಅವರು ಕೇಳಿಸುತ್ತಿದ್ದದ್ದು ಮಗಳ ಹಾಡು. ಒಬ್ಬಳೇ ಮಗಳು. ಹೈಸ್ಕೂಲಿನಲ್ಲಿದ್ದಾಗ ಹಾಡಿದ ಯಾವುದೋ ದೇವರನಾಮವನ್ನು ತಾವೇ ರೆಕಾರ್ಡು ಮಾಡಿಟ್ಟುಕೊಂಡಿದ್ದರು. ದಿನಾ ಕೇಳಿ ಕೇಳಿ ಆ ಹಾಡು ನನಗೂ ಬಾಯಿಪಾಠವಾಗಿತ್ತು.

ಒಮ್ಮೆ ಮಲೆಬೆನ್ನೂರಿನಿಂದ ಒಬ್ಬ ರೈಸ್ ಮಿಲ್ಲಿನ ಸಾಹುಕಾರರು ಬಂದರು. ಹೊಸ ಮನೆ ಕಟ್ಟಿಸಿದ್ದರು, ಹಾಲಿಗೆ ಒಳ್ಳೇ ಸೆಟ್ಟು ಬೇಕಿತ್ತು. "ಇರೋದ್ರಾಗೆ ಮೇಲಿಂದು ಹಾಕ್ರಿ" ಎಂದರು. ಇವರು ಯಥಾಪ್ರಕಾರ ಗೋಡೆ ಕಡೆ ಕೈ ತೋರಿಸಿದರು. ಸಾಹುಕಾರರ ಮುಖ ನೋಡಬೇಕಿತ್ತು. "ನಾನೇನು ಹೋಂವರ್ಕ್ ಮಾಡಿಲ್ಲೇನ್ರಿ, ಗೋಡೆಗೆ ನಿಲ್ಸಾಕೆ? ರೊಕ್ಕ ಕೊಡ್ತೀನಿ ಅಂದ್ರೂ ಪರೀಕ್ಷೆ ಮಾಡ್ತೀರಲ್ಲ!" ಎಂದು ಬಿರಬಿರನೆ ಕಾರು ಹತ್ತಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬಾಯಿಗೆ ಬಂದಂತೆ ಬೈದೆ. "ಮನೆಗೆ ಬಂದ ಲಕ್ಷ್ಮೀನ ಒದ್ದು ಕಳಿಸ್ತೀರಲ್ಲ ಅಣ್ಣಾರೆ, ಮಗಳ ಮದುವಿ ಹೆಂಗೆ ಮಾಡ್ತೀರಿ?" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಆ ಮನುಷ್ಯ ನನ್ನ ಸೆಟ್ಟು ತಗಂಡಿದ್ರೆ ಮಂದಿಗೆ ಬೆಲೆ ಹೇಳ್ತಿದ್ದ. ಹಾಡು ಕೇಳ್ತಿರ್ಲಿಲ್ಲ" ಎಂದು ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಸರಿಸಿದರು. ಅವತ್ತು ಮಧ್ಯಾಹ್ನವೆಲ್ಲ ನಾನು ಅವರ ಜೊತೆ ಮಾತು ಬಿಟ್ಟಿದ್ದೆ, ಮಿರ್ಚಿ ಬಿಡಲಿಲ್ಲ.

ಹಾಗೆಯೇ ಹರಿಹರದ ಬಳೆ ಮಾರುವ ಹೆಂಗಸೊಬ್ಬಳು ತನ್ನ ಭಜನಾ ಮಂಡಳಿಗೆಂದು ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಗೆ ಹಣೆ ತಾಗಿಸಿ ನಿಂತಳು. ಅಣ್ಣ ಎಷ್ಟು ಸಲ ಸ್ವಿಚ್ಚು ಒತ್ತಿದರೋ ಅಷ್ಟೂ ಸಲ ಸರಿಯಾಗಿ ಹೇಳಿದಳು. ಹೆಂಗೆ ಗೊತ್ತಾಯಿತೆಂದು ಕೇಳಿದರೆ, "ಇದ್ರಾಗೆ ಆ ಹುಡುಗಿ ಉಸಿರು ತಗಳೋದು ಕೇಳ್ತೈತ್ರಿ. ಅದ್ರಾಗೆ ಕೇಳಲ್ಲ" ಎಂದಳು. ಅಣ್ಣನ ಕಣ್ಣಲ್ಲಿ ನೀರು ತುಂಬಿತು. ಆ ಮಾತನ್ನು ಅವರು ಎಷ್ಟು ತಿಂಗಳು ಎಷ್ಟು ಮಂದಿಗೆ ಹೇಳಿದರೋ ಲೆಕ್ಕವಿಲ್ಲ. ಮಂಡಳಿಯವರು ಚಂದಾ ಎತ್ತಿ, ತುಟ್ಟಿಯದನ್ನೇ ಖುಷಿಯಿಂದ ಕೊಂಡುಹೋದರು. ಜಾಸ್ತಿ ಬೆಲೆಯನ್ನು ಜನ ಸಂತೋಷವಾಗಿ ಕೊಡುವುದನ್ನು ನಾನು ನೋಡಿದ್ದು ಅವರ ಅಂಗಡಿಯಲ್ಲೇ.

ಆಮೇಲೆ ಬ್ಲೂಟೂತಿನ ಸ್ಪೀಕರುಗಳು ಬಂದವು. ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುವ ಸಾಮಾನು. ಕಟ್ಟಿಸಿಕೊಳ್ಳುವವರು ಕಡಿಮೆಯಾದರು. ಸಾದಾ ಸೆಟ್ಟನ್ನಂತೂ ಕೇಳುವವರೇ ಇಲ್ಲವಾಯಿತು. ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದು ಕಿವಿಯಿದ್ದವರು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದ ಮೇಲಿನ ದರ್ಜೆಯ ಸೆಟ್ಟುಗಳಿಂದ ಮಾತ್ರ. ಅದು ನಿಂತರೆ ಅಂಗಡಿಯೇ ನಿಂತಹಾಗೆ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ನಂದಿಗುಡಿ ಕಡೆಯ ಮೇಷ್ಟರೊಬ್ಬರು ತಾವು ಕೊಂಡುಹೋದ ಹೊಸ ಸೆಟ್ಟನ್ನು ಹೊತ್ತುಕೊಂಡು ವಾಪಸು ಬಂದರು. "ಸಣ್ಣಗೆ ಸುಯ್ ಅಂತೈತ್ರಿ" ಎಂದರು. ಅಣ್ಣ ಸೆಟ್ಟು ಹಾಕಿ ಕಣ್ಣು ಮುಚ್ಚಿ ಕೇಳಿದರು. "ಏನೂ ಇಲ್ವಲ್ರಿ" ಎಂದರು. "ಅಯ್ಯೋ, ಇಷ್ಟು ಕೇಳ್ತೈತಲ್ರಿ!" ಎಂದರು ಮೇಷ್ಟರು. ಹಲಗೆಯ ಈಚೆಗಿದ್ದ ನನಗೂ ಆ ಸುಯ್ ಶಬ್ದ ಸ್ಪಷ್ಟವಾಗಿ ಕೇಳುತ್ತಿತ್ತು. ಅಣ್ಣ ಸೆಟ್ಟಿನ ಒಳಗಿನ ಸಾಮಾನನ್ನೆಲ್ಲ ಬದಲಿಸಿ ಕೊಟ್ಟು ಮೇಷ್ಟರನ್ನು ಕಳಿಸಿದರು. ಆಮೇಲೆ ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತು, "ನಿನಗೂ ಕೇಳಿಸ್ತೇನು ತಂಗಿ?" ಎಂದರು. ನಾನು ಹೂಂ ಎಂದೆ.

"ಬಾ ಇಲ್ಲಿ" ಎಂದು ಕರೆದುಕೊಂಡು ಹೋಗಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ಸ್ವಿಚ್ಚನ್ನು ನನ್ನ ಕೈಗೆ ಕೊಟ್ಟರು. ಎಷ್ಟೋ ಗಿರಾಕಿಗಳನ್ನು ನಿಲ್ಲಿಸಿದ ಜಾಗದಲ್ಲಿ ತಾವೇ ಹೋಗಿ ಹಲಗೆಗೆ ಮುಖ ಮಾಡಿ ನಿಂತರು. "ಹಾಕು. ನಡುವೆ ಏನೂ ಹೇಳಬ್ಯಾಡ" ಎಂದರು. ನಾನು ಹಾಕಿದೆ. ಮಗಳು ಹಾಡಿದಳು. ಅವರು ಯಾವುದು ಯಾವುದೆಂದು ಹೇಳಿದರು, ತಪ್ಪಿತ್ತು. ಮತ್ತೆ ಹಾಕಿದೆ, ಮತ್ತೆ ತಪ್ಪಿತು. ಕೆಲವು ಸಲ ಸರಿ ಬಂದರೂ ಅದು ಊಹೆಯೆಂದು ದನಿಯಲ್ಲೇ ತಿಳಿಯುತ್ತಿತ್ತು. ಒಂದು ಸುಳ್ಳು ಹೇಳಿಬಿಟ್ಟರೆ ಅಂಗಡಿ ಉಳಿಯುತ್ತದೆ ಎಂದು ಮನಸ್ಸು ಒತ್ತಿ ಒತ್ತಿ ಹೇಳುತ್ತಿತ್ತು. ಆದರೆ ಆ ಮನುಷ್ಯನ ಬೆನ್ನು ನೋಡುತ್ತ ನನಗೆ ಸುಳ್ಳಾಡಲು ಆಗಲಿಲ್ಲ.

"ಎಷ್ಟು ಸರಿ ಬಂತು?" ಎಂದರು, ತಿರುಗದೆ.

"ಗೊತ್ತಾಗ್ತಿಲ್ಲ ಅಣ್ಣಾರೆ ನಿಮಗೆ" ಎಂದೆ.

"ಉಸಿರು ಕೇಳ್ತೈತೇನು ನಿನಗೆ?"

"ಕೇಳ್ತೈತೆ."

ನಾನು ಹಾಡನ್ನು ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ಬಿಟ್ಟೆ. ಅದು ಮುಗಿಯುವವರೆಗೂ ಹಾಡಿ ತಾನೇ ನಿಂತಿತು.

ಮರುದಿನದಿಂದ ಅವರು ಮೇಲಿನ ದರ್ಜೆಯ ಸಾಮಾನು ಹಾಕುವುದನ್ನು ಬಿಟ್ಟರು. ದೂರದಿಂದ ಬಂದವರು, ಕಿವಿಯಿದ್ದವರು, ಹಳೇ ಗಿರಾಕಿಗಳು ಕೇಳಿಕೊಂಡರೂ ಇಲ್ಲ. "ನನಗೆ ಕೇಳ್ಸಲ್ಲ, ನಾನು ಮಾರಲ್ಲ" ಎಂದು ಒಂದೇ ಮಾತು. ನಾನು ಜಗಳಾಡಿದೆ. "ಶಬ್ದ ಅಳೆಯೋ ಮೀಟರ್ ಐತಲ್ಲ, ಅದನ್ನ ನೋಡಿ ಹಾಕ್ರಿ" ಎಂದೆ. "ಮೀಟರ್ ಭಜನೆ ಕೇಳ್ತೈತೇನು?" ಎಂದರು. "ನಾನು ಪಕ್ಕದಾಗೇ ಇದೀನಿ, ನಾನು ಕೇಳಿ ಹೇಳ್ತೀನಿ" ಎಂದೆ. ಅವರು ನಕ್ಕರು. "ನಿನ್ನ ಕಿವಿ ಇಟ್ಕಂಡು ನಾನು ಹೆಂಗೆ ವ್ಯಾಪಾರ ಮಾಡ್ಲಿ ತಂಗಿ?" ಎಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾನೂ ಅಂಗಡಿಯಲ್ಲಿ ಎರಡು ದರ್ಜೆಯ ಲೈನಿಂಗು ಮಾರುವವಳೇ. ತುಟ್ಟಿಯದನ್ನು ಹೊಗಳಿ ದಾಟಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಅವರಿಗೆ ಅದೊಂದು ಕಲೆ ಬರಲೇ ಇಲ್ಲ.

ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಮೊದಮೊದಲು ಅಣ್ಣ ಫೋನು ಮಾಡುತ್ತಿದ್ದರು. ನಾನೊಂದು ಕೇಳಿದರೆ ಅವರೊಂದು ಹೇಳುತ್ತಿದ್ದರು. ಬರಬರುತ್ತ ಕಿವಿ ಪೂರ್ತಿ ಮಂದವಾಗಿ, ಫೋನಿನ ಆ ಕಡೆಯಿಂದ ಬರೀ "ಹಲೋ, ಹಲೋ" ಎನ್ನುವುದೇ ಆಯಿತು. ಆಮೇಲೆ ಅದೂ ನಿಂತಿತು. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ರಾತ್ರಿ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಕೆಲವು ದಿನ ಬಿಟ್ಟು, ಮಾತಾಡಿಸಿಕೊಂಡು ಬರಲು ಹರಿಹರಕ್ಕೆ ಹೋದೆ.

ಮಗಳು ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದಾಳೆ. ನನ್ನನ್ನು ಕಂಡು ಚಾಪೆ ಹಾಸಿ, ಚಹಾ ಮಾಡಲು ಒಳಗೆ ಹೋದಳು. ಅವಳು ಅತ್ತಿದ್ದ ಗುರುತು ಮುಖದಲ್ಲಿರಲಿಲ್ಲ. "ಅವರಪ್ಪ ಹೋದಾಗಿಂದ ಅತ್ತೇ ಇಲ್ಲ ಇವಳು. ಒಳಗೇ ನುಂಗಿಕಂಡಾಳೆ" ಎಂದರು ಅಣ್ಣನ ಹೆಂಡತಿ. ಆಮೇಲೆ ನನ್ನ ಹತ್ತಿರ ಸರಿದು, ಅಡಿಗೆಮನೆಯ ಕಡೆ ಒಂದು ಕಣ್ಣಿಟ್ಟು, ದನಿ ತಗ್ಗಿಸಿ ಹೇಳಿದರು.

"ವರ್ಷದ ಹಿಂದೆ ಕಿವಿ ಮೆಷಿನ್ ಕೊಡ್ಸಾಕೆ ದಾವಣಗೆರೆಗೆ ಕರ್ಕಂಡು ಹೋಗಿದ್ವಿ. ಅಲ್ಲೂ ಎರಡು ಥರ ಇಟ್ಟಿದ್ರು, ಸಾದಾದು, ತುಟ್ಟಿದು. ಇವರು ಬಿಡ್ತಾರೇನು? ಎರಡನ್ನೂ ಒಂದೊಂದಾಗಿ ಹಾಕಿಸ್ಕಂಡು, ನಮಗೆ ಬೆನ್ನು ಮಾಡಿ ಗೋಡೆ ಕಡೆ ತಿರುಗಿ ನಿಂತ್ರು. ಮಾತಾಡ್ರಿ ಅಂದ್ರು. ನಾವು ಮಾತಾಡಿದ್ವಿ. ತುಟ್ಟಿದು ಕಿವ್ಯಾಗೆ ಇದ್ದಾಗ ನಮ್ಮ ಹುಡುಗಿ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ಳು: 'ಅವ್ವಾ, ನನ್ನ ಬಂಗಾರದ ಬಳೆ ಅದಾವಲ್ಲ, ಅವನ್ನ ಮಾರಿ ಇದನ್ನೇ ತಗಳಣ' ಅಂತ. ಮೆಷಿನ್ ಮಾರೋನಿಗೂ ಕೇಳಿಲ್ಲ ಆ ಮಾತು. ಇವರು ತಿರುಗಿದೋರೇ, 'ಎರಡೂ ಒಂದೇ ಐತೆ, ಸಾದಾದೇ ಕೊಡ್ರಿ' ಅಂದ್ಬಿಟ್ರು."

ಅವರು ಮತ್ತೊಮ್ಮೆ ಅಡಿಗೆಮನೆಯ ಕಡೆ ನೋಡಿ ಮುಂದುವರಿಸಿದರು.

"ಬಸ್ಸಿನಾಗೆ ಇವಳು ಮುಂದಿನ ಸೀಟಿಗೆ ಕೂತಿದ್ಳು. ಇವರು ನನ್ನ ಕೈ ಹಿಡ್ಕಂಡು, 'ಹುಡುಗಿ ಬಳೆ ಮುಟ್ಟಬ್ಯಾಡ ನೀನು' ಅಂದ್ರು. ಬಳೆ ವಿಷಯ ಅವರಿಗೆ ಯಾರು ಹೇಳಿದ್ರು, ನೀವೇ ಹೇಳ್ರಿ? ಆ ಸಾದಾ ಮೆಷಿನ್‌ನಾಗೆ ನಮ್ಮ ಮಾತು ಅರ್ಧನೂ ತಿಳೀತಿರ್ಲಿಲ್ಲ ಅವರಿಗೆ. ವರ್ಷವೆಲ್ಲ ನಮ್ಮ ಬಾಯಿ ನೋಡ್ಕಂತಾ ಕೂತಿರ್ತಿದ್ರು."

ನನಗೆ ಮೊದಲು ಬಂದದ್ದು ಸಿಟ್ಟೇ. ಸಾಹುಕಾರನನ್ನು ವಾಪಸು ಕಳಿಸಿದ ಮನುಷ್ಯ, ಕೇಳಿಸದ್ದನ್ನು ಮಾರಲಾರೆನೆಂದು ಅಂಗಡಿ ಮುಚ್ಚಿದ ಮನುಷ್ಯ, ತನ್ನ ಸರದಿ ಬಂದಾಗ ಮಾತ್ರ ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದರಲ್ಲ! ಎದುರಿಗಿದ್ದಿದ್ದರೆ ಬೈದುಬಿಡುತ್ತಿದ್ದೆ. ಬೈಯಲು ಈಗ ಅವರಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ನೆನಪಾಯಿತು.

ಮಗಳು ಚಹಾ ತಂದಿಟ್ಟಳು. ಹೋಗಲಿಲ್ಲ. ಅಲ್ಲೇ ನನ್ನೆದುರು ಕೂತು, ಲೋಟದ ಕಡೆ ನೋಡುತ್ತ ಕೇಳಿದಳು. "ಅಕ್ಕಾ, ನೀವು ಅಪ್ಪನ ಪಕ್ಕದಾಗೇ ಇದ್ದೋರು. ಅವರಿಗೆ ನಿಜವಾಗ್ಲೂ ಭೇದ ಗೊತ್ತಾಗ್ತಿರ್ಲಿಲ್ವಾ? ತುಟ್ಟಿ ಮೆಷಿನ್ ತಗಂಡಿದ್ರೆ ನನ್ನ ಮಾತು ಕೇಳ್ಸಿಕಂಡು ಹೋಗ್ತಿದ್ರೇನೋ ಅಂತ ದಿನಾ ಅನ್ಸುತ್ತೆ."

ಅವಳ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಾಗ್ತಿರ್ಲಿಲ್ಲವ್ವ" ಎಂದೆ. "ನಾನೇ ಸ್ವಿಚ್ಚು ಹಿಡ್ಕಂಡು ಪರೀಕ್ಷೆ ಮಾಡಿದೀನಿ. ನಿನ್ನ ಹಾಡೇ ಹಾಕಿದ್ದೆ. ಎಷ್ಟು ಸಲ ಹಾಕಿದ್ರೂ ಅವರಿಗೆ ಭೇದ ಗೊತ್ತಾಗ್ಲಿಲ್ಲ."

"ಹಂಗಾರೆ ಸರಿ ಬಿಡ್ರಿ ಅಕ್ಕಾ" ಎಂದಳು. ಅಷ್ಟು ಹೇಳಿ, ಬಳೆ ತೊಟ್ಟ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅಳತೊಡಗಿದಳು.