ಬೈರಿಗೆಗೆ ನಾನಿಟ್ಟ ಹೆಸರು

ನಿನ್ನೆ ಬಾಗಿಲು ಸರಿಮಾಡಲು ಬಂದ ಬಡಗಿ ಚೌಕಟ್ಟಿಗೆ ತೂತು ಕೊರೆಯುತ್ತಿದ್ದ. ತೇಗದ ಪುಡಿಯ ವಾಸನೆ ನಡುಮನೆಯವರೆಗೂ ಬಂತು. ನಿಮಗೆ ಅದು ಬರೀ ಮರದ ವಾಸನೆ. ನನಗೆ ಪುಟ್ಟಾಚಾರಿಯವರ ನೆನಪಾಗಿ ಕುಡಿಯುತ್ತಿದ್ದ ಕಾಫಿ ರುಚಿಸಲಿಲ್ಲ.

ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ನಾನು ಹುಣಸೂರಿನ ಒಂದು ಮರಗೆಲಸದ ಶಾಲೆಯಲ್ಲಿ ಮೇಷ್ಟ್ರು. ಪುಸ್ತಕಗಳೆಲ್ಲ ಇಂಗ್ಲಿಷಿನವು, ಕಲಿಯುವವರ ಬಾಯಲ್ಲಿ ಕನ್ನಡ. ಅವರಿಗಾಗಿ ಒಂದು ಪದಕೋಶ ಮಾಡುವ ಕೆಲಸ ನನ್ನ ತಲೆಗೆ ಬಂತು. ಮರಗೆಲಸ ನನಗೆಷ್ಟು ಗೊತ್ತಿತ್ತೆಂದರೆ, ನಾನು ಹೊಡೆದ ಮೊಳೆಗೆ ಅಂಗಿ ನೇತುಹಾಕಿದರೆ ಎರಡೂ ಕೆಳಗೆ ಬೀಳುತ್ತಿದ್ದವು.

ಹಾಗಾಗಿ ಪುಟ್ಟಾಚಾರಿಯವರನ್ನು ಹಿಡಿದೆ. ಕಂಪಲಾಪುರದವರು, ಎತ್ತಿನ ಗಾಡಿ ಮಾಡುವುದರಲ್ಲಿ ಪಳಗಿದ ಕೈ. ಸರ್ಟಿಫಿಕೇಟಿದ್ದರೆ ಹೆಗ್ಗಡದೇವನಕೋಟೆಯಲ್ಲಿ ಮೇಸ್ತ್ರಿ ಕೆಲಸ ಸಿಗುತ್ತದೆಂದು, ಮೀಸೆ ನರೆತ ಮೇಲೆ ನಮ್ಮ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದ್ದರು. ಹೆಸರು ಕೇಳಿದರೆ ಸುಮ್ಮನೆ ಹೇಳುವವರಲ್ಲ.

"ಸಾಮಾನು ಕೈಗ್ ಕೊಡಿ ಮೇಷ್ಟ್ರೇ. ಕೈಗ್ ಬಂದ್ರೆ ಬಾಯ್ಗೂ ಬತ್ತದೆ."

ಡ್ರಿಲ್ ಕೊಟ್ಟೆ. ಒಂದು ಸುತ್ತು ತಿರುಗಿಸಿ, "ಬೈರಿಗೆ ಕಣ್ರೀ" ಎಂದರು. ಹೀಗೆ ಒಂದೊಂದೇ ಬರೆದುಕೊಂಡೆ.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಅಚ್ಚಿಗೆ ಕೊಡುವಾಗ ಆ ಮಾತುಗಳು ತೀರ ಹಳ್ಳಿಯವಾಗಿ ಕಂಡವು. ನನ್ನ ಸಂಸ್ಕೃತವನ್ನು ಮೈಸೂರಿನ ದೊಡ್ಡವರು ನೋಡುವುದು ಬೇಡವೆ? ಬೈರಿಗೆ ಹೋಗಿ 'ರಂಧ್ರಕರಣಿ' ಆಯಿತು. ಉಳಿ, ಬಾಚಿಗಳಿಗೂ ನಾಮಕರಣ ಮುಗಿಸಿದೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಪಕ್ಕದಲ್ಲೇ ಕುಳಿತಿದ್ದೆ. ಅವರು ಡ್ರಿಲ್ ತೋರಿಸಿ ಕನ್ನಡದ ಹೆಸರು ಕೇಳಿದರು. ಪುಟ್ಟಾಚಾರಿಯವರು ಅದನ್ನು ಕೈಗೆತ್ತಿಕೊಂಡು, "ಬೈರಿಗೆ" ಎಂದು ನನ್ನತ್ತ ನೋಡಿ ನಕ್ಕರು. ಪರೀಕ್ಷಕರು ನನ್ನ ಕೋಶ ತಿರುವಿ, "ಇದರಲ್ಲಿ ಹಾಗಿಲ್ಲವಲ್ಲ" ಎಂದು ಸೊನ್ನೆ ಹಾಕಿದರು. ಉತ್ತರ ಸರಿಯಿದೆ ಎನ್ನಲು ನನಗೆ ಬಾಯಿತ್ತು. ಹಾಗೆ ಹೇಳಿದ್ದರೆ ನನ್ನ ಪುಸ್ತಕ ತಪ್ಪೆಂದಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕುಳಿತೆ. ನಾಲ್ಕು ಸಾಮಾನು, ನಾಲ್ಕು ಸೊನ್ನೆ. ಅವರು ಫೇಲಾದರು, ಆ ಮೇಸ್ತ್ರಿ ಕೆಲಸ ಬೇರೆ ಯಾರಿಗೋ ಹೋಯಿತು.

ಫಲಿತಾಂಶ ಬಂದ ಸಂಜೆ ಅವರ ಮುಂದೆ ಹೋಗಿ ನಿಂತೆ. ಅವರೇ ಮೊದಲು ಮಾತಾಡಿದರು.

"ಬುಡಿ ಮೇಷ್ಟ್ರೇ. ನಾನ್ ಯೋಳ್ಕೊಟ್ಟಿದ್ದೇ ತಾನೆ ಅದ್ರಲ್ಲಿರಾದು ಅನ್ಕಂಡು ನಿಮ್ ಪುಸ್ತಕ ಓದ್ನೇ ಇಲ್ಲ."

ಮರುವರ್ಷ ರಂಧ್ರಕರಣಿ ಎಂದೇ ಹೇಳಿ ಪಾಸಾದರು. ಹೇಳುವ ಮೊದಲು ಮಾತ್ರ ಕೈಯಲ್ಲಿದ್ದ ಬೈರಿಗೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ನಿನ್ನೆ ಬಡಗಿ ಏಣಿಯ ಮೇಲಿಂದ, "ಯಜಮಾನ್ರೇ, ಆ ಬೈರಿಗೆ ಒಸಿ ಕೊಡಿ" ಎಂದ. ತಡಮಾಡದೆ ಎತ್ತಿಕೊಟ್ಟೆ. ಅವನು ಹೋದ ಮೇಲೆ ಹಳೆಯ ಕೋಶ ತೆಗೆದು, ರಂಧ್ರಕರಣಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೈರಿಗೆ ಎಂದು ಬರೆದೆ. ಪುಟ್ಟಾಚಾರಿಯವರ ಉತ್ತರ ಸರಿಯಿತ್ತು. ಕೇಳಿಸಿಕೊಳ್ಳಲು ಅವರೂ ಇಲ್ಲ, ಆ ಪರೀಕ್ಷಕರೂ ಇಲ್ಲ. ನೀವಿದ್ದೀರಿ, ನಿಮಗೇ ಹೇಳುತ್ತಿದ್ದೇನೆ.