ಡ್ರೈವರಕ್ಕ ಆರಿಸಿದ ಗಾಡಿ

ಊರಿನವರ ಬಾಯಲ್ಲಿ ಅವಳು ಡ್ರೈವರಕ್ಕ. ಇಟ್ಟ ಹೆಸರು ಯಾವುದೆಂದು ಅವಳ ತಮ್ಮನೂ ಕೊಂಚ ಯೋಚಿಸಿಯೇ ಹೇಳಬೇಕಿತ್ತು. ಅಪ್ಪ ಹೋದಮೇಲೆ ಗುಡ್ಡದ ಜಮೀನು ತಮ್ಮನ ಹೆಸರಿಗಾಯಿತು, ಗುಡ್ಡದ ದುಡಿಮೆ ಇವಳ ಪಾಲಿಗೆ ಬಂತು. ಯಾಕೆಂದರೆ ಅಪ್ಪ ಬಿಟ್ಟುಹೋದ ಬೈಕಿನಂತೆ ಹ್ಯಾಂಡಲು ಹಿಡಿದು ಓಡಿಸುವ ಹಳೇ ನಾಲ್ಕು ಚಕ್ರದ ಗಾಡಿ ಇವಳ ಮಾತನ್ನು ಮಾತ್ರ ಕೇಳುತ್ತಿತ್ತು. ಚಾಲೂ ಮಾಡಬೇಕಾದರೆ ಪೆಡಲನ್ನು ಅರ್ಧ ಒತ್ತಿಹಿಡಿದು ಮೊಣಕಾಲಿನಿಂದ ಟ್ಯಾಂಕಿಗೊಂದು ಗುದ್ದು ಕೊಡಬೇಕು. ಟ್ರೈಲರು ಕಟ್ಟಿಕೊಂಡು ಇಳಿಜಾರು ಇಳಿಯುವಾಗ ಬ್ರೇಕು ಮುಟ್ಟುವಂತಿಲ್ಲ. ತಮ್ಮ ಒಮ್ಮೆ ಮುಟ್ಟಿ, ಗೊಬ್ಬರದ ಚೀಲಗಳ ಸಮೇತ ಕಾಲುವೆ ಸೇರಿದ್ದ. ಆಮೇಲೆ ಅವನು ಗುಡ್ಡದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ತಮ್ಮನ ಹೆಂಡತಿಗೆ ಈ ಅತ್ತಿಗೆ ಕಣ್ಣಲ್ಲಿ ಬಿದ್ದ ಕಸ. ಮದುವೆಯಾಗದೆ ಉಳಿದು, ಕಿಟಕಿಯಿರುವ ಕೋಣೆಯನ್ನೇ ಹಿಡಿದು ಕೂತಿದ್ದಾಳೆಂದು ಒಳಗೊಳಗೇ ಕುದಿಯುತ್ತಿದ್ದಳು. ಆದರೂ ತುಟಿ ಬಿಚ್ಚುವಂತಿರಲಿಲ್ಲ, ಇವಳಿಲ್ಲದಿದ್ದರೆ ಆಲೂಗಡ್ಡೆ ಗುಡ್ಡ ಇಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಡ್ರೈವರಕ್ಕನಿಗಿದ್ದ ನೆಲೆ ಅದೊಂದೇ.

ಹಳೇ ಗಾಡಿಯ ಚಾಸಿ ಮುರಿದಾಗ ಹೊಸದನ್ನು ಆರಿಸಲು ಅಕ್ಕ ತಮ್ಮ ಅಂಗಡಿಗೆ ಹೋದರು. ತಮ್ಮ ಕೆಂಪು ಬಣ್ಣದ್ದೊಂದನ್ನು ಕಂಡು ಬಾಯಿ ಬಿಟ್ಟ. ಇವಳು ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆ ನೋಡಿದಳು. ತೀರ ತಗ್ಗು, ಮೊದಲ ಕಲ್ಲಿಗೇ ಬಡಿಯುತ್ತದೆ. ಇನ್ನೊಂದರಲ್ಲಿ ಟ್ರೈಲರಿನ ಕೊಂಡಿಯನ್ನು ತೆಳು ತಗಡಿಗೆ ಬೋಲ್ಟು ಹಾಕಿ ಕೂರಿಸಿದ್ದರು. ಕೊನೆಗೆ ಎರಡು ಉಳಿದವು. ಒಂದು ಗೇರಿನದು, ಒರಟು, ಪಳಗಿದ ಕೈಗೆ ಮಾತ್ರ ಬಗ್ಗುವಂಥದ್ದು. ಇನ್ನೊಂದಕ್ಕೆ ಗೇರಿನ ಗೋಜಿಲ್ಲ, ಇಳಿಜಾರಿನಲ್ಲಿ ತಾನೇ ತಡೆದು ನಿಲ್ಲುತ್ತದೆ. ಅವಳ ಕೈ ಮೊದಲನೆಯದರ ಮೇಲಿತ್ತು. ಆದರೆ ಈಚೆಗೆ ಮೊಣಕಾಲು ಕೈಕೊಡುತ್ತಿತ್ತು. ತಾನು ಮಲಗಿದರೆ ಫಸಲು ಮಣ್ಣಲ್ಲೇ ಕೊಳೆಯಬಾರದಲ್ಲ ಎಂದುಕೊಂಡಳು, ಪುಣ್ಯಾತಗಿತ್ತಿ.

"ಇದೇ ಇರ್ಲಿ," ಎಂದಳು ಎರಡನೆಯದನ್ನು ತೋರಿಸಿ. "ಯಾರು ಹತ್ತಿದ್ರೂ ಓಡುತ್ತೆ."

ಗಾಡಿ ನಿಜಕ್ಕೂ ಗಟ್ಟಿ. ಕೆಸರಿಗೆ ಜಗ್ಗಲಿಲ್ಲ, ಕಲ್ಲಿಗೆ ಬಗ್ಗಲಿಲ್ಲ. ಅವಳೇ ಮುಂದೆ ನಿಂತು ತಮ್ಮನಿಗೆ ಕಲಿಸಿದಳು. ಹೊರಡುವ ಮುಂಚೆ ಕೊಂಡಿಯ ಪಿನ್ನಿಗೆ ಬೀಗದ ತಂತಿ ಸಿಕ್ಕಿಸಿದೆಯೇ ನೋಡು, ಇಲ್ಲದಿದ್ದರೆ ಪಿನ್ನು ಜಾರಿ ಇಳಿಜಾರಿನಲ್ಲಿ ಟ್ರೈಲರು ಕಳಚಿಕೊಳ್ಳುತ್ತದೆ ಎಂದು ಬಡಕೊಂಡಳು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಚೀಲ ಹೇರಿಕೊಂಡು ಅವನು ಮೊದಲ ಸಲ ಗುಡ್ಡ ಇಳಿದಾಗ ಅವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಸ್ವಲ್ಪ ದಿನಕ್ಕೆ ಅವನ ಹೆಂಡತಿಯೂ ಹ್ಯಾಂಡಲು ಹಿಡಿದಳು.

ಆಲೂಗಡ್ಡೆ ಕಿತ್ತು ಮುಗಿದ ಮೇಲೆ ಊಟಕ್ಕೆ ಕೂತಾಗ ತಮ್ಮ ತಟ್ಟೆ ನೋಡುತ್ತಲೇ ಹೇಳಿದ: "ಅಕ್ಕಾ, ಇನ್ನು ನಿಂಗ್ಯಾಕೆ ಈ ಕಷ್ಟ? ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆ, ನೋಡ್ಕೊಳ್ಳೋಕೆ ಯಾರಾದ್ರೂ ಬೇಕಂತೆ. ಪೇಟೆ ಮನೆ, ಆರಾಮಾಗಿರ್ತೀಯ."

ಅವನ ಹೆಂಡತಿ ಅಂದು ಅತ್ತಿಗೆಗೆ ಒತ್ತಾಯ ಮಾಡಿ ಬಡಿಸಿದಳು. ನಾಳೆಯಿಂದ ಆ ಕಿಟಕಿಯ ಕೋಣೆ ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ.

ಅವಳ ಟ್ರಂಕನ್ನು ಟ್ರೈಲರಿನಲ್ಲಿ ಹೇರಿಕೊಂಡು ತಮ್ಮನೇ ಬಸ್ ನಿಲ್ದಾಣಕ್ಕೆ ಬಿಟ್ಟ. ಒಂದೇ ಒಂದು ಸಲ ಕೆಟ್ಟು ನಿಲ್ಲಬಾರದೇ ಎಂದು ಅವಳು ದಾರಿಯುದ್ದಕ್ಕೂ ಹಂಬಲಿಸಿದಳು. ಗಾಡಿ ಒಮ್ಮೆ ಕೆಮ್ಮಲೂ ಇಲ್ಲ.

"ಒಳ್ಳೇ ಗಾಡಿ ಆರಿಸಿಕೊಟ್ಟೆ ಅಕ್ಕಾ," ಎಂದ ತಮ್ಮ.

ಟ್ರಂಕು ಇಳಿಸುವಾಗ ಅವಳ ಕಣ್ಣು ಎಂದಿನಂತೆ ಕೊಂಡಿಯ ಕಡೆ ಹೋಯಿತು. ಪಿನ್ನಿಗೆ ತಂತಿ ಹಾಕಿರಲಿಲ್ಲ. ಅವಳ ಕೈ ಅತ್ತ ಹೋಯಿತು. ಕೈಯನ್ನು ಹಿಂದಕ್ಕೆಳೆದುಕೊಂಡು ಬಸ್ಸು ಹತ್ತಿದಳು.