ಆಟಿಯಲ್ಲಿ ಪಾಸಾದ ಕಂಪ್ಯೂಟರ್

ಮೊನ್ನೆ ಭಾನುವಾರ ಬೆಳಗ್ಗೆ ನನ್ನ ಕಂಪ್ಯೂಟರ್ ಮೂರು ಸಲ ಸತ್ತಿತು. ಮೂರು ಸಲವೂ ಮಾವ ಮಾತಾಡುತ್ತಿರುವಾಗಲೇ.

ಗಾಬರಿ ಬೇಡ, ಮಾವ ಮಾತಾಡುತ್ತಿದ್ದದ್ದು ವಿಡಿಯೋದಲ್ಲಿ. ಕಲ್ಲುಗುಂಡಿಯ ನನ್ನ ಸೋದರಮಾವ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಬರೀ ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ, ಅರ್ಥ ಹೇಳಲು ಕೂತರೆ ವಾದಕ್ಕೆ ಎದುರು ಕೂತವರು ಬೆವರುತ್ತಿದ್ದರು. ಎರಡು ವರ್ಷದ ಹಿಂದೆ ಅಂಥದೊಂದು ಕೂಟವನ್ನು ಶೂಟ್ ಮಾಡಿದ್ದೆ. ಎಡಿಟ್ ಮಾಡಲು ಪುರುಸೊತ್ತಾಗಲಿಲ್ಲ. (ಯಾರಿಗೆ ಆಗುತ್ತದೆ ಹೇಳಿ?) ಕಳೆದ ದೀಪಾವಳಿ ಹೊತ್ತಿಗೆ ಮಾವನಿಗೆ ಸ್ಟ್ರೋಕ್ ಆಗಿ ಮಾತು ನಿಂತಿತು. ಈಗ ಒಂದೊಂದೇ ಶಬ್ದ ವಾಪಸು ಬರುತ್ತಿದೆ. ತಮ್ಮ ಹಳೆಯ ದನಿ ಕೇಳಬೇಕೆಂದು ಅವರಿಗೆ ಆಸೆ. ಭಾನುವಾರ ಮಧ್ಯಾಹ್ನ ತರುತ್ತೇನೆಂದು ಮಾತು ಕೊಟ್ಟು, ಅಂತೂ ಎಡಿಟ್ ಮುಗಿಸಿದ್ದೆ.

ಕಂಪ್ಯೂಟರ್ ಸಾಯಲು ಕಾರಣ ನನ್ನ ಓವರ್‌ಕ್ಲಾಕಿಂಗ್. ಅಂದರೆ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ದರ್ಬೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಜಯಂತಿ ಕಳೆದ ಆಟಿ ತಿಂಗಳ ಮಳೆಯಲ್ಲಿ ಅದನ್ನು ಕಲಿಸಿದ್ದರು. ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಪ್ರತಿ ಸಲವೂ ಒಂದು ಗಂಟೆ ಪೂರ್ತಿ ದುಡಿಸಿ, ಬಿಸಿ ಎಷ್ಟೇರಿತು ನೋಡಬೇಕು. ವೋಲ್ಟೇಜಿಗೆ ಕೈ ಹಾಕಬಾರದು. ಎಲ್ಲವನ್ನೂ ಚಾಚೂತಪ್ಪದೆ ಮಾಡಿದೆ. ದಿನಾ ಎಡಿಟ್ ಮಾಡಿದ ವಿಡಿಯೋವನ್ನು ಫೈಲ್ ಮಾಡುವ ನಲವತ್ತು ನಿಮಿಷದ ಕೆಲಸ ಮೂವತ್ತನಾಲ್ಕಕ್ಕೆ ಇಳಿಯಿತು. ಉಳಿದ ಆ ಆರು ನಿಮಿಷಗಳ ಬಗ್ಗೆ ಒಂಬತ್ತು ತಿಂಗಳು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಾವನ ವಿಡಿಯೋ ಮಾತ್ರ ಹಾಗೇ ಇತ್ತು.

ಜಯಂತಿಗೆ ಫೋನ್ ಮಾಡಿದೆ.

“ಟೆಸ್ಟ್ ಮಾಡಿದ್ದು ಯಾವಾಗ?” ಎಂದು ಕೇಳಿದರು.

“ಆಟಿಯಲ್ಲೇ. ನೀವೂ ಇದ್ರಲ್ಲ?”

“ಮತ್ತೆ ಒಮ್ಮೆಯೂ ಮಾಡ್ಲಿಲ್ವಾ? ಆಗ ತಂಪಿತ್ತು. ಈಗ ಪಗ್ಗು ತಿಂಗಳು ಮಾರಾಯ್ರೆ. ಈ ಸೆಕೆಯಲ್ಲಿ ನಮಗೇ ಕೂತ್ಕೊಳ್ಲಿಕ್ಕೆ ಆಗುದಿಲ್ಲ, ಅದಕ್ಕೆ ಆಗ್ತದಾ? ಹಳೇ ಸ್ಪೀಡಿಗೆ ತನ್ನಿ.”

ನಾಚಿಕೆಯಾಯಿತು. ಹಪ್ಪಳ ಒಣಗಿಸಲೂ ತಿಂಗಳು ನೋಡುವ ಊರಿನವನು ನಾನು. ಪ್ರೊಸೆಸರಿಗೆ ನೋಡಲಿಲ್ಲ.

ಹಳೆಯ ವೇಗಕ್ಕೆ ಇಳಿಸಿದೆ. ನಲವತ್ತು ನಿಮಿಷ ಕಾಯಬೇಕು. ಮಧ್ಯೆ ಅತ್ತೆಯ ಫೋನ್. “ಹೊರಟೆಯಾ? ಇವರು ಒಂಬತ್ತು ಗಂಟೆಗೇ ಶರ್ಟು ಹಾಕಿ ಟಿವಿ ಎದುರು ಕೂತಿದ್ದಾರೆ.”

ಈ ಸಲ ಕಂಪ್ಯೂಟರ್ ಸಾಯಲಿಲ್ಲ. ಕಲ್ಲುಗುಂಡಿಗೆ ಹೋಗಿ ಟಿವಿಗೆ ಪೆನ್‌ಡ್ರೈವ್ ಹಾಕಿದೆ. ಮಾವ ಎಡಗೈ ಬೆರಳಲ್ಲಿ ಕುರ್ಚಿಯ ಮೇಲೆ ತಾಳ ಹಾಕುತ್ತಾ ತಮ್ಮ ಮಾತನ್ನು ತಾವೇ ಕೇಳಿದರು. ವಿಡಿಯೋ ಮುಗಿದ ಮೇಲೆ ಏನೋ ಹೇಳಲು ಬಾಯಿ ತೆರೆದರು. ಶಬ್ದ ಬರಲಿಲ್ಲ.

“ನೀರು ಬೇಕಾ ಮಾವ? ಫ್ಯಾನ್ ಜೋರು ಮಾಡುದಾ? ಮಲಗುದಾ?”

ಮೂರಕ್ಕೂ ಬೇಡವೆಂದು ತಲೆ ಅಲ್ಲಾಡಿಸಿದರು.

“ನೀನು ಸುಮ್ಮನೆ ಕೂತ್ಕೋ,” ಎಂದರು ಅತ್ತೆ. “ಅವರೇ ಹೇಳ್ತಾರೆ. ನಿನಗೆ ಎಂತ ಅರ್ಜೆಂಟು?”

ಕೂತೆ. ಫ್ಯಾನ್ ತಿರುಗುತ್ತಿತ್ತು. ಕೊನೆಗೆ ಮಾವ ಹೇಳಿದರು, “ಇನ್ನೊಮ್ಮೆ.”

ಆ ಒಂದು ಶಬ್ದಕ್ಕೆ ಹಿಡಿದದ್ದು ಒಂದು ನಿಮಿಷ. ದಿನಾ ಆರಾರು ನಿಮಿಷ ಉಳಿಸಿದವನಿಗೆ, ಅದೊಂದನ್ನು ಕೊಡಲು ಯಾಕೆ ಅಷ್ಟು ಕಷ್ಟವಾಯಿತು?